ಕಾಲು ಚಾಚಿ ಕುಳಿತು ನೋಡಿ!

ಯುವ ಮಿತ್ರರೇ, ನೆಲದ ಮೇಲೆ ಕಾಲು ಚಾಚಿ ಕುಳಿತು, ಮಂಡಿ ಮಡಿಸದೆ ಹೆಬ್ಬೆರಳು ಮುಟ್ಟಿ ನೋಡಿ. ತೊಡೆಯ ಹಿಂಭಾಗ ಹಗ್ಗದಂತೆ ಬಿಗಿಯುತ್ತದೆಯೇ? ಅಲ್ಲಿರುವ ಮೂರು ಸ್ನಾಯುಗಳಿಗೆ ಹ್ಯಾಮ್‌ಸ್ಟ್ರಿಂಗ್ ಎಂದು ಹೆಸರು. ದಿನವಿಡೀ ಕುರ್ಚಿ, ಸ್ಕೂಟರ್ ಎಂದು ಮಂಡಿ ಮಡಿಸಿಯೇ ಇದ್ದರೆ ಅವು ಬಿಗಿದುಕೊಳ್ಳುತ್ತವೆ.

ಹಾಗೆಂದು ಒಂದೇ ದಿನದಲ್ಲಿ ಸರಿಪಡಿಸಲು ಹೊರಡಬೇಡಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್, ಮೈಸೂರಿನಲ್ಲಿ ಕಲಿಯುತ್ತಿದ್ದ ಹುಡುಗನಾಗಿದ್ದಾಗ, ಗುರುಗಳ ಅಪ್ಪಣೆಯಂತೆ ಅಭ್ಯಾಸವಿಲ್ಲದ ಹನುಮಾನಾಸನ ಮಾಡಿ ಇದೇ ಸ್ನಾಯುಗಳಿಗೆ ಪೆಟ್ಟು ಮಾಡಿಕೊಂಡರು. ಬಹುಕಾಲ ನಡೆಯುವುದೇ ಕಷ್ಟವಾಯಿತು. ಮುಂದೆ ಬೆಲ್ಟು, ಹಗ್ಗ, ಮರದ ಇಟ್ಟಿಗೆಗಳ ನೆರವಿನಿಂದ ಆಸನ ಕಲಿಸಿ ಜಗತ್ಪ್ರಸಿದ್ಧರಾದವರೂ ಅವರೇ.

ನಿಮಗೆ ಒಂದು ಟವೆಲ್ ಸಾಕು. ವಿಶಾಖಪಟ್ಟಣದವರು ರಾಮಕೃಷ್ಣ ಬೀಚಿನಲ್ಲಿ, ವಿಜಯವಾಡದವರು ಕೃಷ್ಣೆಯ ದಂಡೆಯಲ್ಲಿ ಹತ್ತು ನಿಮಿಷ ನಡೆದು ಮೈ ಬೆಚ್ಚಗೆ ಮಾಡಿಕೊಳ್ಳಿ. ಮನೆಗೆ ಬಂದು ಅಂಗಾತ ಮಲಗಿ, ಟವೆಲನ್ನು ಒಂದು ಪಾದಕ್ಕೆ ಸುತ್ತಿ ಹಿಡಿದು, ಕಾಲನ್ನು ನಿಧಾನವಾಗಿ ಮೇಲೆತ್ತಿ. ಮಂಡಿ ತುಸು ಮಡಿದರೂ ಚಿಂತೆಯಿಲ್ಲ. ಹಿತವಾದ ಎಳೆತ ತಿಳಿದೊಡನೆ ಅಲ್ಲೇ ನಿಲ್ಲಿಸಿ, 30 ಸೆಕೆಂಡು ಸಹಜವಾಗಿ ಉಸಿರಾಡಿ. ಜಗ್ಗಬೇಡಿ, ಕುಲುಕಬೇಡಿ. ಪ್ರತಿ ಕಾಲಿಗೆ 3 ಸಲ, ವಾರಕ್ಕೆ 5 ದಿನ ಮಾಡಿದರೆ ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಕಾಲಿನುದ್ದಕ್ಕೂ ಜೋಮು ಅಥವಾ ಚಳುಕು ಬಂದರೆ ಮಾತ್ರ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಆಷಾಢದ ಸಿಂಹಾಚಲ ಗಿರಿಪ್ರದಕ್ಷಿಣೆ ಸುಮಾರು 32 ಕಿಲೋಮೀಟರು. ಗೆಳೆಯರೊಂದಿಗೆ ಹೊರಡುವ ಆಸೆಯಿದೆಯೇ? ಹಿಂದಿನ ದಿನದವರೆಗೆ ಕಾಯದೆ, ಇಂದೇ ಟವೆಲ್ ಕೈಗೆತ್ತಿಕೊಳ್ಳಿ.