ಮಣ್ಣಿನ ಸೂಕ್ಷ್ಮಜೀವಿಗಳೂ ಸಿ. ಆರ್. ರಾಯರ ಗಣನಾವಿಧಾನಗಳೂ

ತುಂಗಭದ್ರಾ ಕಾಲುವೆಯ ನೀರುಣ್ಣುವ ಗಂಗಾವತಿಯ ಬತ್ತದ ಗದ್ದೆಗಳಿಗೂ, ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾಗಳ ಹೊಲಗಳಿಗೂ ಇರುವ ಅಂತರ ಕಣ್ಣಿಗೆ ಕಾಣುವಂತಹುದು. ಆ ಮಣ್ಣುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಅಂತರವಾದರೋ ಎಣಿಕೆಯಿಂದ ಮಾತ್ರ ತಿಳಿಯತಕ್ಕದ್ದು. ಒಂದು ಚಿಟಿಕೆ ಮಣ್ಣಿನಿಂದ ಡಿ.ಎನ್.ಎ.ಯನ್ನು ಬೇರ್ಪಡಿಸಿ ಅದರಲ್ಲಿರುವ ಜೀವಿಗಳ ಕುಲವನ್ನು ಗುರುತಿಸುವುದು ಇಂದು ಸಾಧ್ಯವಾಗಿದೆ. ಆದರೆ ಗುರುತಿಸಿದುದನ್ನು ಹೇಗೆ ಎಣಿಸಬೇಕು, ಎಣಿಸಿದುದರಿಂದ ಏನನ್ನು ನಿರ್ಣಯಿಸಬಹುದು ಎಂಬುದು ಸಂಖ್ಯಾಶಾಸ್ತ್ರದ ಪ್ರಶ್ನೆ. ಈ ಕ್ಷೇತ್ರಕ್ಕೆ ಎರಡು ಅಮೂಲ್ಯ ಸಾಧನಗಳನ್ನಿತ್ತವರು, ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿ 2023ರಲ್ಲಿ ದಿವಂಗತರಾದ ಸಿ. ಆರ್. ರಾಯರು.

ರಾಯರು 1946ರಲ್ಲಿ ಕೇಂಬ್ರಿಜ್‌ಗೆ ತೆರಳಿ, ಆರ್. ಎ. ಫಿಷರರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತ, ಇಲಿಗಳ ವರ್ಣತಂತುಗಳಲ್ಲಿ ಜೀನುಗಳ ಸ್ಥಾನವನ್ನು ಗುರುತಿಸುವ ಕಾರ್ಯದಲ್ಲಿ ತೊಡಗಿದ್ದರು. 1948ರಲ್ಲಿ ಅವರು ಪ್ರಕಟಿಸಿದ ‘ಸ್ಕೋರ್ ಪರೀಕ್ಷೆ’ಯ ತಿರುಳಿಷ್ಟು: ಒಂದು ಜೀನಿಗೂ ಒಂದು ರೋಗಕ್ಕೂ ಸಂಬಂಧವಿಲ್ಲವೆಂದು ಮೊದಲು ಭಾವಿಸಿ ಲೆಕ್ಕ ಕಟ್ಟಬೇಕು, ಬಳಿಕ, ದೊರೆತ ಅಂಕಿಗಳು ಆ ಭಾವನೆಯನ್ನು ಬಿಡುವಂತೆ ಎಷ್ಟು ಬಲವಾಗಿ ಒತ್ತಾಯಿಸುತ್ತವೆಂಬುದನ್ನು ಅಳೆಯಬೇಕು. ಸಂಬಂಧದ ಪ್ರಮಾಣವನ್ನು ಪ್ರತಿ ಸಲವೂ ಅಂದಾಜು ಮಾಡುವ ಅಗತ್ಯವಿಲ್ಲ. ಲಕ್ಷಾಂತರ ಸ್ಥಾನಗಳನ್ನು ಪರೀಕ್ಷಿಸುವ ಇಂದಿನ ಅಧ್ಯಯನಗಳಲ್ಲಿ, ಮೂಲ ಲೆಕ್ಕವನ್ನು ಒಮ್ಮೆ ಕಟ್ಟಿದರೆ ಸಾಕಾಗುವುದು ಇದರ ಲಾಭ.

ಎರಡನೆಯದು 1982ರಲ್ಲಿ ಅವರು ನಿರೂಪಿಸಿದ ವೈವಿಧ್ಯದ ಮಾನ. ಒಂದು ಸಮುದಾಯದಿಂದ ಎರಡು ಜೀವಿಗಳನ್ನು ಯಾದೃಚ್ಛಿಕವಾಗಿ ಆರಿಸಿದರೆ ಅವುಗಳ ನಡುವೆ ಸರಾಸರಿ ಎಷ್ಟು ಅಂತರವಿರುತ್ತದೆ? ಆ ಸರಾಸರಿಯೇ ವೈವಿಧ್ಯ. ನಿದರ್ಶನಕ್ಕಾಗಿ, ಒಂದು ಗದ್ದೆಯಲ್ಲಿಯೂ ಒಂದು ಹೊಲದಲ್ಲಿಯೂ ಎರಡೆರಡು ಜಾತಿಗಳು ಸಮಪ್ರಮಾಣದಲ್ಲಿವೆಯೆಂದು ಕಲ್ಪಿಸೋಣ. ಗದ್ದೆಯ ಜಾತಿಗಳು ಹತ್ತಿರದ ಬಂಧುಗಳು, ಅವುಗಳ ಅಂತರ 0.2, ಹೊಲದವು ದೂರದವು, ಅಂತರ 1. ಆರಿಸಿದ ಎರಡು ಜೀವಿಗಳು ಭಿನ್ನಜಾತಿಯವಾಗುವ ಸಂಭವ ಎರಡೆಡೆಯೂ ಅರ್ಧ. ಆದುದರಿಂದ ಗದ್ದೆಯ ವೈವಿಧ್ಯ 0.1, ಹೊಲದ್ದು 0.5. ಕೇವಲ ಜಾತಿಗಳನ್ನು ಎಣಿಸಿದವನಿಗೆ ಎರಡೂ ಸಮಾನವೆಂದೇ ತೋರುವುವು.

ಆದರೂ ಎರಡು ಎಚ್ಚರಿಕೆಗಳು ಅವಶ್ಯ. ಡಿ.ಎನ್.ಎ. ಓದಿಕೆಯಿಂದ ಸಾಮಾನ್ಯವಾಗಿ ದೊರೆಯುವುದು ಪಾಲೇ ಹೊರತು ಒಟ್ಟು ಸಂಖ್ಯೆಯಲ್ಲ. ತಲಾ 100ರಷ್ಟಿದ್ದ ಎರಡು ಜಾತಿಗಳಲ್ಲಿ ಒಂದು 300ಕ್ಕೇರಿದರೆ, ಮತ್ತೊಂದು ಇದ್ದಷ್ಟೇ ಇದ್ದರೂ ಅದರ ಪಾಲು ಶೇಕಡ 50ರಿಂದ 25ಕ್ಕಿಳಿಯುತ್ತದೆ. ಅದು ಅಳಿಯುತ್ತಿದೆಯೆಂದು ಬಗೆಯಲಾಗದು. ಎರಡನೆಯದಾಗಿ, ಒಂದೇ ಗದ್ದೆಯ ನೂರು ಹಿಡಿ ಮಣ್ಣು ನೂರು ಗದ್ದೆಗಳಿಗೆ ಸಾಕ್ಷಿಯಾಗಲಾರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನು ಹೋಲಿಸಬಯಸುವ ವಿದ್ಯಾರ್ಥಿಯು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಬೇರೆ ಬೇರೆ ಊರುಗಳ ಹಲವು ಭೂಮಿಗಳನ್ನು ಯಾದೃಚ್ಛಿಕವಾಗಿ ಆರಿಸಿಕೊಳ್ಳಬೇಕು. ಇಂತಹ ನಿರ್ಣಯಗಳನ್ನು ನಂಬಿ ಗೊಬ್ಬರಕ್ಕೆ ಹಣ ತೆರುವವನು ರೈತನಾದುದರಿಂದ, ಮಾದರಿಯ ಆಯ್ಕೆಯಲ್ಲಿನ ಉದಾಸೀನತೆಗೆ ಬೆಲೆ ಕೊಡುವವನೂ ಅವನೇ.