ಗೊರಬನ್ನು ಹುಡುಕಿದ್ದು

ಕಳೆದ ಆಷಾಢದ ಒಂದು ಸಂಜೆ. ಬೆಳಗಿನಿಂದ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಚಿತ್ರದುರ್ಗದ ಕಡೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿರುವ ನನ್ನ ಹಳೆಯ ಶಿಷ್ಯೆಯೊಬ್ಬಳು ದೂರವಾಣಿಯಲ್ಲಿ ಕರೆದಳು. ಕುಶಲಪ್ರಶ್ನೆ ಮುಗಿದ ಮೇಲೆ, “ಸಾರ್, ಗೊರಬು ಎಂದರೇನು? ನಿಘಂಟಿನ ಅರ್ಥ ಗೊತ್ತಿದೆ. ಅದನ್ನು ಹೊತ್ತವರು ಅದರ ವಿಷಯ ಏನು ಹೇಳುತ್ತಾರೆ, ಅದು ಬೇಕು” ಎಂದು ಕೇಳಿದಳು. ಬಯಲುಸೀಮೆಯ ಮಕ್ಕಳಿಗೆ ಮಲೆನಾಡಿನ ಕಾದಂಬರಿಯನ್ನು ಪಾಠ ಹೇಳುವವರ ಕಷ್ಟ ನನಗೆ ತಿಳಿಯದ್ದಲ್ಲ. ಕಥೆಗಿಂತ ಮೊದಲು ಅವರಿಗೆ ಮಳೆಯನ್ನು ವಿವರಿಸಬೇಕಾಗುತ್ತದೆ. “ಅದಕ್ಕೇನಮ್ಮ, ನಮ್ಮ ತಾಯಿ ಹೇಳಿದ್ದನ್ನೇ ಬರೆದಿಟ್ಟುಕೊಂಡಿದ್ದೇನೆ. ನಾಳೆ ಬೆಳಗ್ಗೆ ಕಳುಹಿಸುತ್ತೇನೆ” ಎಂದೆನು. ಹಾಗೆನ್ನುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬವೂ ಇದ್ದಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಜಂಬಕ್ಕೆ ಕಾರಣವಿಲ್ಲದಿರಲಿಲ್ಲ. ಎಂ.ಎ. ಮುಗಿಸಿ ಶೆಟ್ಟಿಕೊಪ್ಪದ ಮನೆಗೆ ಹಿಂದಿರುಗಿದ ಮೇಲೆ, 2003ರಲ್ಲಿ, ನಾನೊಂದು ಕಂಪ್ಯೂಟರನ್ನು ಕೊಂಡು ತಂದೆನು. ಅಮ್ಮ ಅದನ್ನು ‘ನಿನ್ನ ಪೆಟ್ಟಿಗೆ’ ಎನ್ನುತ್ತಿದ್ದಳು. ರಾತ್ರಿ ಊಟವಾದ ಬಳಿಕ ಅವಳು ಅಡಕೆ ಸುಲಿಯುತ್ತ ಕುಳಿತು ಮಾತನಾಡುವಳು. ನಾನು ಪೆಟ್ಟಿಗೆಯ ಮುಂದೆ ಕುಳಿತು ಬೆರಳಚ್ಚು ಮಾಡುವೆನು. ಕೊಳೆರೋಗ ತಗಲದಂತೆ ಅಡಕೆಯ ಗೊನೆಗೆ ಕಟ್ಟುವ ಕೊಟ್ಟೆ, ನೀರು ಹಾಯಿಸುವ ದಬ್ಬೆ, ಕೊಟ್ಟಿಗೆಗೆ ಹಾಸುವ ದರಕು, ಗದ್ದೆಯಂಚಿನಲ್ಲಿ ಕಾಲಿಗೆ ಹತ್ತುವ ಉಂಬಳ, ಹೀಗೆ ಒಂದೊಂದು ಮಾತಿನ ಹಿಂದೆ ಒಂದೊಂದು ಸಂಸಾರವೇ ಬರುತ್ತಿತ್ತು. ಹದಿನಾರು ವರ್ಷ ಈ ಕೆಲಸ ನಡೆಯಿತು. 2019ರಲ್ಲಿ ಅಮ್ಮ ತೀರಿಕೊಂಡಳು. ಆ ಮೇಲೆ ಅದಕ್ಕೆ ಒಂದು ಸಾಲನ್ನೂ ಸೇರಿಸುವ ಮನಸ್ಸಾಗಲಿಲ್ಲ. ತೆರೆದು ನೋಡುವ ಧೈರ್ಯವೂ ಆಗಲಿಲ್ಲ.

ನಾನು ಮಾಡಿದ ಅವಿವೇಕವೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನೂರಕ್ಕೆ ಮೇಲ್ಪಟ್ಟ ಆ ಕಡತಗಳಿಗೆಲ್ಲ ಬರೆದ ದಿನದ ತಾರೀಖನ್ನೇ ಹೆಸರಾಗಿ ಇಟ್ಟಿದ್ದೆನು. ಯಾವುದರಲ್ಲಿ ಏನಿದೆಯೆಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಬೇಕಾದಾಗ ಯಂತ್ರವೇ ಹುಡುಕಿಕೊಡುತ್ತದೆಯೆಂಬ ನೆಚ್ಚಿಕೆ!

ಆ ರಾತ್ರಿ ಹುಡುಕುವ ಚೌಕದಲ್ಲಿ ‘ಗೊರಬು’ ಎಂದು ಬರೆದು ಗುಂಡಿಯನ್ನು ಒತ್ತಿದೆನು. ಹಸಿರು ಗೆರೆಯೊಂದು ಮೆಲ್ಲಗೆ ಎಡದಿಂದ ಬಲಕ್ಕೆ ತೆವಳಿತು. ಹೊಂದುವ ಕಡತ ಯಾವುದೂ ಇಲ್ಲವೆಂದು ಉತ್ತರ ಬಂದಿತು. ‘ಕೊಟ್ಟೆ’ ಎಂದೆನು, ಇಲ್ಲ. ‘ದಬ್ಬೆ’ ಎಂದೆನು, ಇಲ್ಲ. ಕೊನೆಗೆ ‘ಮಳೆ’ ಎಂದು ಬರೆದೆನು. ಅದಕ್ಕೂ ಇಲ್ಲ! ಮಲೆನಾಡಿನ ಹೆಂಗಸೊಬ್ಬಳು ಹದಿನಾರು ವರ್ಷ ಆಡಿದ ಮಾತಿನಲ್ಲಿ ಮಳೆಯೆಂಬ ಶಬ್ದವೇ ಬಂದಿಲ್ಲವೆಂದು ಯಂತ್ರ ಸಾಕ್ಷಿ ಹೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊರಗೆ ಸೂರಿನ ನೀರು ಧೋ ಎಂದು ಸುರಿಯುತ್ತಲೇ ಇತ್ತು.

ನನ್ನ ತಂಗಿಯ ಮಗಳು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಮಳೆಗೆ ರಜೆ ಕೊಟ್ಟಿದ್ದರಿಂದ ಆ ವಾರ ನಮ್ಮಲ್ಲಿಗೆ ಬಂದಿದ್ದಳು. ಮಾರನೆಯ ಬೆಳಗ್ಗೆ ಅವಳನ್ನು ಕರೆದು ಕೂರಿಸಿದೆನು. “ಮಾವ, ನೀವು ಹುಡುಕುವಾಗ ಯಂತ್ರ ಕಡತಗಳನ್ನೆಲ್ಲ ಓದುತ್ತದೆಯೆಂದು ತಿಳಿದಿದ್ದೀರಾ?” ಎಂದು ಕೇಳಿದಳು. ಹೌದೆಂದೆನು. “ಓದುವುದಿಲ್ಲ. ಮೊದಲೇ ಓದಿ ಒಂದು ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಹುಡುಕುವುದು ಆ ಪಟ್ಟಿಯಲ್ಲಿ” ಎಂದಳು.

ಕನ್ನಡ ಮೇಷ್ಟರಿಗೆ ಇದು ಹೊಸ ವಿಷಯವಾಗಬೇಕಾಗಿರಲಿಲ್ಲ. ಪುಸ್ತಕದ ಕೊನೆಯ ಪದಸೂಚಿಯಿಂದ ಹಿಡಿದು ನಮ್ಮ ನಿಘಂಟುಗಳವರೆಗೆ ಎಲ್ಲವೂ ನಿಂತಿರುವುದು ಈ ಉಪಾಯದ ಮೇಲೆಯೇ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ ಮುಗಿದದ್ದು 1995ರಲ್ಲಿ. ಅದಕ್ಕಾಗಿ ಶಾಸನಗಳನ್ನೂ ಕಾವ್ಯಗಳನ್ನೂ ಓದಿದವರು ಪದವನ್ನೂ ಅದು ಬಂದ ಸ್ಥಳವನ್ನೂ ಚೀಟಿಗಳ ಮೇಲೆ ಬರೆದು ಅಕಾರಾದಿಯಾಗಿ ಜೋಡಿಸುತ್ತಿದ್ದರು. ಚೀಟಿಯಾಗದ ಪದ ಗ್ರಂಥದಲ್ಲಿ ಇದ್ದೂ ಇಲ್ಲದಂತೆಯೇ. ಗಣಕದಲ್ಲಿ ಅದೇ ಕೆಲಸ ಯಾರೂ ನೋಡದ ವೇಳೆಯಲ್ಲಿ, ನಾವು ಬೇರೆ ಕೆಲಸ ಮಾಡುತ್ತಿರುವಾಗ, ಸದ್ದಿಲ್ಲದೆ ನಡೆಯುತ್ತದೆ.

ಆದರೆ ಆ ಚೀಟಿಗಾರ ಮನೆಯ ಎಲ್ಲ ಕೋಣೆಗಳಿಗೂ ಹೋಗುವುದಿಲ್ಲ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಂಡೋಸ್ ವ್ಯವಸ್ಥೆಯಲ್ಲಿ, ಬೇರೆ ಅಪ್ಪಣೆಯಿಲ್ಲದಿದ್ದರೆ ಬಳಕೆದಾರನ ಸ್ವಂತ ಕಡತಕೋಶಗಳು ಮಾತ್ರ ಪಟ್ಟಿಗೆ ಸೇರುತ್ತವೆ. ನಾನಾದರೋ, ಭದ್ರವಾಗಿರಲೆಂದು ಅಮ್ಮನ ಮಾತುಗಳನ್ನೆಲ್ಲ ‘ಡಿ’ ಎಂಬ ಬೇರೆ ವಿಭಾಗದಲ್ಲಿ ಇಟ್ಟಿದ್ದೆನು. ಪಟ್ಟಿಗೆ ಸೇರದ ಜಾಗದಲ್ಲಿ ಹುಡುಕಿದರೆ ಯಂತ್ರ ಸಾಮಾನ್ಯವಾಗಿ ಕಡತದ ಹೆಸರನ್ನಷ್ಟೇ ನೋಡುತ್ತದೆ, ಒಳಗಿನ ಬರಹವನ್ನು ನೋಡುವುದಿಲ್ಲ. ನನ್ನ ಕಡತಗಳ ಹೆಸರೋ ಬರಿಯ ತಾರೀಖು! ಹುಡುಗಿ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ‘ಇಂಡೆಕ್ಸಿಂಗ್ ಆಪ್ಷನ್ಸ್’ ಎಂಬುದನ್ನು ತೆರೆದು, ಆ ಕೋಶವನ್ನು ಗುರುತು ಹಾಕಿ ಸೇರಿಸಿ, ‘ಅಡ್ವಾನ್ಸ್ಡ್’ ಎಂಬಲ್ಲಿ ‘ರೀಬಿಲ್ಡ್’ ಎಂಬ ಗುಂಡಿಯನ್ನು ಒತ್ತಿದಳು. ಹಳೆಯ ಪಟ್ಟಿ ಅಳಿದು ಹೊಸದು ಮೊದಲಿನಿಂದ ತಯಾರಾಗಬೇಕು. ಪಟ್ಟಣದಲ್ಲಾಗಿದ್ದರೆ ಕೆಲವು ಗಂಟೆಗಳ ಕೆಲಸ. ನಮ್ಮಲ್ಲಿ ಮರ ಬಿದ್ದು ಕರೆಂಟು ಹೋಯಿತು, ಬಂದಿತು, ಮತ್ತೆ ಹೋಯಿತು. ಎರಡು ದಿನ ಹಿಡಿಯಿತು. ಶಿಷ್ಯೆಗೆ ಏನಾದರೊಂದು ನೆಪ ಹೇಳುತ್ತ ಬಂದೆನು.

ಮೂರನೆಯ ದಿನ ಪರೀಕ್ಷೆ. ನನ್ನ ಟಿಪ್ಪಣಿಗಳಲ್ಲಿ ಅಲ್ಲಲ್ಲಿ ಕಿಟ್ಟೆಲ್ಲರ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದುಂಟು. ಅದನ್ನು ಕೊಟ್ಟ ಕೂಡಲೇ ಒಂಬತ್ತು ಕಡತಗಳು ಸಾಲಾಗಿ ಬಂದು ನಿಂತವು. ‘ಗೊರಬು’ ಎಂದರೆ ಮತ್ತೆ ಅದೇ ಶೂನ್ಯ. 1894ರ ಕೋಶಕಾರರು ಸಿಕ್ಕಿದರು, ನನ್ನ ತಾಯಿ ಸಿಕ್ಕಲಿಲ್ಲ.

ಹುಡುಗಿ ಒಂದು ಕಡತವನ್ನು, ಅಕ್ಷರದ ಅಲಂಕಾರವೇನೂ ಇಲ್ಲದ ಸಾದಾ ಬರಹದ ಕಿಟಕಿಯಲ್ಲಿ ತೆರೆದಳು. ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೆರೆ ಹೊತ್ತ ಯೂರೋಪಿನ ಸ್ವರಗಳು, ಚುಕ್ಕೆ, ಕೊಂಕು, ನಾಣ್ಯದ ಗುರುತು. ಸಂತೆಯಲ್ಲಿ ಬುಟ್ಟಿ ಮಗುಚಿದಂತೆ. “ಇದೇ ನಿಮ್ಮ ಕನ್ನಡ ಮಾವ” ಎಂದಳು. ಹದಿನಾರು ವರ್ಷ ನಾನು ಬರೆದದ್ದು ಕನ್ನಡವನ್ನಲ್ಲ, ಕನ್ನಡದ ಚಿತ್ರವನ್ನು ಎಂದು ಆಗ ತಿಳಿಯಿತು.

ಇದರ ಇತಿಹಾಸವನ್ನು ಸ್ವಲ್ಪ ಹೇಳಬೇಕು. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಹಿಂದಿನ ಏರ್ಪಾಟಿನಲ್ಲಿ ಒಂದು ಅಕ್ಷರಮಾಲೆಗೆ ಇದ್ದ ಸ್ಥಾನಗಳು ಒಟ್ಟು 256. ಅವುಗಳಲ್ಲಿ ಇಂಗ್ಲಿಷೂ ಯೂರೋಪಿನ ಕೆಲವು ಭಾಷೆಗಳೂ ಆಗಲೇ ಸಂಸಾರ ಹೂಡಿದ್ದವು. ನಮ್ಮ ಕಾಗುಣಿತ, ಒತ್ತಕ್ಷರಗಳಿಗೆ ಅಷ್ಟರಲ್ಲಿ ಜಾಗವೆಲ್ಲಿ? ಆದುದರಿಂದ ನಮ್ಮವರು ಅಕ್ಷರಗಳನ್ನು ತುಂಡು ತುಂಡು ಮಾಡಿ, ಆ ಮನೆಗಳಲ್ಲಿಯೇ ಇಂಗ್ಲಿಷಿನ ವೇಷ ಹಾಕಿಸಿ ಕೂರಿಸಿದರು. ಕೆ. ಪಿ. ರಾವ್ ಅವರು ಉಚ್ಚಾರಣೆಗೆ ಒಪ್ಪುವಂತೆ ಕೀಲಿಗಳ ವಿನ್ಯಾಸವನ್ನು ರೂಪಿಸಿಕೊಟ್ಟರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಛೇರಿಗಳಿಂದ ಹಳ್ಳಿಯ ಮನೆಗಳವರೆಗೆ ಹರಡಿತು. ಈ ಉಪಾಯವಿಲ್ಲದಿದ್ದರೆ ನನ್ನಂಥವರು ಆ ಕಾಲದಲ್ಲಿ ಕನ್ನಡವನ್ನು ಗಣಕದಲ್ಲಿ ಕಾಣುವುದೇ ಸಾಧ್ಯವಿರಲಿಲ್ಲ. ಅದನ್ನು ಹಳಿಯುವ ಮಾತು ನನ್ನ ಬಾಯಲ್ಲಿ ಬಾರದು.

ಆದರೆ ವೇಷದ ವಿಚಿತ್ರಗಳನ್ನು ನೋಡಬೇಕು. ನುಡಿಯ ಆ ಹಳೆಯ ಅಕ್ಷರಗಳಲ್ಲಿ ‘ಕ’ ಎಂದರೆ ಒಳಗೆ ಇಂಗ್ಲಿಷಿನ ‘ಪಿ’, ಅದರ ಬೆನ್ನಿಗೆ ತಲೆಕಟ್ಟಿಗಾಗಿ ಒಂದು ಗೀಟು ಹೊತ್ತ ‘ಎ’. ‘ನ’ ಎಂಬುದು ಬ್ರಿಟಿಷರ ಪೌಂಡು ನಾಣ್ಯದ ಗುರುತು. ಅದರ ಕೆಳಗಿನ ಒತ್ತು ಜರ್ಮನ್ ಭಾಷೆಯ ಒಂದು ಸಕಾರ. ‘ಡ’ ಎಂಬುದು ‘ಕ್ಯೂ’. ಹೀಗೆ ‘ಕನ್ನಡ’ ಎಂಬ ನಮ್ಮ ಹೆಮ್ಮೆಯ ಪದ ಒಂದು ಇಂಗ್ಲಿಷ್ ನಾಣ್ಯವನ್ನೂ ಒಬ್ಬ ಜರ್ಮನನನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿತ್ತು. ‘ಯ’ ಎಂಬ ಒಂದೇ ಅಕ್ಷರಕ್ಕೆ ನಾಲ್ಕು ತುಂಡು. ‘ಕಾರ್ಯ’ದ ಅರ್ಕಾವತ್ತು, ಬಾಯಲ್ಲಿ ಯಕಾರಕ್ಕಿಂತ ಮೊದಲು ಬರುವಂಥದು, ಕಡತದಲ್ಲಿ ಯಕಾರದ ನಂತರ ಕುಳಿತಿರುತ್ತದೆ. ಕಣ್ಣಿಗೆ ಎಲ್ಲವೂ ಸರಿ. ಹುಡುಕುವ ಯಂತ್ರಕ್ಕೆ ಕಣ್ಣಿಲ್ಲವಲ್ಲ!

ಈಗ ನಾವು ಬಳಸುವ ಯೂನಿಕೋಡಿನ ಕ್ರಮ ಬೇರೆ. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ವಂತ ಮನೆಗಳು ದೊರೆತವು. ಗಕಾರದ ಸಂಖ್ಯೆ 3223. ಅದು ಶೆಟ್ಟಿಕೊಪ್ಪದಲ್ಲಿಯೂ ಅಷ್ಟೇ, ಅಮೆರಿಕದಲ್ಲಿಯೂ ಅಷ್ಟೇ. ಅಲ್ಲಿ ಎಣಿಕೆಗೆ ಬರುವುದು ಅಕ್ಷರ, ಆಕಾರವಲ್ಲ. ನಾನು ಚೌಕದಲ್ಲಿ ಬರೆಯುತ್ತಿದ್ದ ‘ಗೊರಬು’ ಯೂನಿಕೋಡಿನದು. ಅಮ್ಮನ ಬಾಯಿಂದ ಕೇಳಿ ಬರೆದ ‘ಗೊರಬು’ ಹಳೆಯ ವೇಷದ್ದು. ಒಂದೇ ಮನೆಯಲ್ಲಿದ್ದೂ ಒಂದನ್ನೊಂದು ಗುರುತಿಸಲಾರದ ಎರಡು ಪದಗಳು.

ಔಷಧವೇನೂ ಕಠಿನವಲ್ಲ. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ದೊರೆಯುತ್ತವೆ. ನನ್ನಂತೆ ಹಳೆಯ ಕಡತಗಳನ್ನಿಟ್ಟುಕೊಂಡ ವಾಚಕರು ಅನೇಕರಿರಬಹುದು. ಅವರಿಗೆ ಎರಡು ಮಾತು. ಮೊದಲು ಎಲ್ಲದರ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಟ್ಟು, ಪ್ರತಿಯ ಮೇಲೆ ಮಾತ್ರ ಪ್ರಯೋಗ ನಡೆಸಬೇಕು. ಎರಡನೆಯದಾಗಿ, ತಿರುಗಿಸಿದ ಮೇಲೆ ಇಂಗ್ಲಿಷ್ ಪದಗಳಿದ್ದ ಕಡೆಗಳಲ್ಲಿ ಕಣ್ಣಾಡಿಸಬೇಕು, ಏಕೆಂದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ಭ್ರಮಿಸಬಹುದು. ಒಂಬತ್ತು ಕಡೆಗಳಲ್ಲಿಯೂ ಕಿಟ್ಟೆಲ್ಲರು ಯಾವ ಭಾಷೆಗೂ ಸೇರದ ಹೆಸರೊಂದನ್ನು ಹೊತ್ತು ನಿಂತಿದ್ದರು. ‘ಗೊ’ ಎಂಬಂಥ ಅಕ್ಷರಗಳಲ್ಲಿ ಇನ್ನೊಂದು ಸೂಕ್ಷ್ಮವುಂಟು: ಅದರ ಒಕಾರವನ್ನು ಒಂದೇ ಸಂಖ್ಯೆಯಾಗಿಯೂ ಬರೆಯಬಹುದು, ಎತ್ವಕ್ಕೆ ಕೊಂಬಿನ ದೀರ್ಘ ಸೇರಿಸಿ ಎರಡು ಸಂಖ್ಯೆಯಾಗಿಯೂ ಬರೆಯಬಹುದು; ನೋಡಲು ಎರಡೂ ಒಂದೇ. ಹುಡುಗಿ ಅದನ್ನು ಸರಿಪಡಿಸಿದ್ದಳು.

ಪಟ್ಟಿ ಮತ್ತೊಮ್ಮೆ ತಯಾರಾಯಿತು. ‘ಮಳೆ’ ಎಂದೆನು. ಬಂದವು ನೋಡಿ, ಕಡತಗಳು! ಇನ್ನೂರಕ್ಕೂ ಹೆಚ್ಚು. ಕೊಟ್ಟೆ ಬಂದಿತು, ದಬ್ಬೆ ಬಂದಿತು, ದರಕು ಬಂದಿತು. ಗೊರಬು ಬರಲಿಲ್ಲ.

ಹುಡುಗಿ ನನ್ನ ಮುಖವನ್ನು ನೋಡಿ, “ಮಾವ, ಬೇಸರ ಮಾಡಿಕೊಳ್ಳಬೇಡಿ. ಅಜ್ಜಿ ಹೇಳಿದ್ದು ನೆನಪಿದೆ, ಆದರೆ ನೀವು ಬರೆದುಕೊಳ್ಳಲಿಲ್ಲವೇನೋ” ಎಂದಳು. ಇರಬಹುದು. ಎಷ್ಟೋ ರಾತ್ರಿ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುತ್ತ “ಹೂಂ, ಹೂಂ” ಎಂದಷ್ಟೇ ಹೇಳಿ ಅವಳ ಮಾತನ್ನು ಹಾರಿಹೋಗಲು ಬಿಟ್ಟದ್ದುಂಟು. ಆ ರಾತ್ರಿ ನಿದ್ರೆ ಬರಲಿಲ್ಲ. ಪದ ಸಿಕ್ಕದುದಕ್ಕಿಂತ, ಅದನ್ನು ಬರೆಯದೆ ಬಿಟ್ಟ ರಾತ್ರಿಯೂ ಆ ಹದಿನಾರು ವರ್ಷಗಳಲ್ಲಿ ಇದ್ದಿತೆಂಬುದೇ ಹೆಚ್ಚು ಚುಚ್ಚುತ್ತಿತ್ತು.

ಬೆಳಗ್ಗೆ ಕಾಲೇಜಿನಲ್ಲಿ ಮೊದಲ ಅವಧಿ ವ್ಯಾಕರಣ. ಇಪ್ಪತ್ತು ವರ್ಷಗಳಿಂದ ಹೇಳುತ್ತಿರುವ ಪಾಠವನ್ನೇ ಹೇಳುತ್ತಿದ್ದೆನು. ‘ಊರು’ ಎಂಬುದಕ್ಕೆ ‘ಇನ’ ಪರವಾದರೆ ಪೂರ್ವಪದದ ಉಕಾರಕ್ಕೆ ಲೋಪ ಬಂದು ‘ಊರಿನ’ ಎಂದಾಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದವನು ಅಲ್ಲಿಯೇ ನಿಂತುಬಿಟ್ಟೆನು. ಮಾತನಾಡುವವರು ಶಬ್ದಗಳನ್ನು ನಿಘಂಟಿನಲ್ಲಿರುವಂತೆ ಆಡುತ್ತಾರೆಯೆ? ಅಮ್ಮ ‘ಗೊರಬು’ ಎಂದು ಬಿಡಿಯಾಗಿ ಏಕೆ ಹೇಳಿಯಾಳು? ‘ಗೊರಬಿನ’ ಎಂದಿರುತ್ತಾಳೆ, ‘ಗೊರಬಿಗೆ’ ಎಂದಿರುತ್ತಾಳೆ. ಉಕಾರವಿರುವ ಪದವನ್ನು ಕೊಟ್ಟು ಉಕಾರವಿಲ್ಲದುದನ್ನು ತಾ ಎಂದರೆ ಯಂತ್ರ ಎಲ್ಲಿಂದ ತಂದೀತು? ಲೋಪಸಂಧಿ ಅದಕ್ಕೆ ತಿಳಿಯದು. ತಿಳಿದಿದ್ದ ನನಗೆ ಹೊಳೆಯಲಿಲ್ಲ.

ಸಂಜೆ ಬಂದವನು ಒದ್ದೆ ಕೊಡೆಯನ್ನೂ ಮಡಚದೆ ಕುಳಿತು, ಕೊನೆಯ ಕೊಂಬನ್ನು ಕಿತ್ತು, ‘ಗೊರಬ’ ಎಂದಷ್ಟೇ ಬರೆದೆನು. ಎರಡು ಕಡತಗಳು ಬಂದವು. ಒಂದರಲ್ಲಿ ಕೇವಲ ಒಂದು ಸಾಲು. ಇನ್ನೊಂದು 2006ರ ಜುಲೈ ತಿಂಗಳಿನದು. ತೆರೆದೆನು. ಅಮ್ಮ ಹೇಳಿದಂತೆಯೇ, ನಾನು ಏನನ್ನೂ ತಿದ್ದದೆ ಬರೆದುಕೊಂಡದ್ದು:

“ಗಂಡಸರಿಗೆ ಕಂಬಳಿಕೊಪ್ಪೆ. ನಮಗೆ ಗೊರಬೇ ಆಗಬೇಕು. ಬಿದಿರ ಸಲಾಕೆ, ನಡುವೆ ಎಲೆ. ತಲೆಯಿಂದ ಸೊಂಟದವರೆಗೆ ಮುಚ್ಚುತ್ತೆ. ಬಗ್ಗಿ ನೆಟ್ಟಿ ನೆಡುವಾಗ ಎರಡು ಕೈಯೂ ಖಾಲಿ ಇರಬೇಕಲ್ಲ. ಗೊರಬಿನ ಒಳಗೆ ಮಳೆ ಸದ್ದು ಬೇರೆ. ಪಕ್ಕದವಳು ಹೇಳಿದ್ದು ಕೇಳಲ್ಲ, ನಮ್ಮ ಪದ ನಮಗೇ ಕೇಳುತ್ತೆ. ನನ್ನ ಅಮ್ಮ ಗೊರಬಿನ ಒಳಗೆ ಅಳ್ತಾ ಇದ್ದಳಂತೆ. ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ಪ್ಲಾಸ್ಟಿಕ್ ಬಂತು. ಅದರಲ್ಲಿ ಬರೀ ಪಟಪಟ. ಬರಕೊಂಡೆಯಾ? ಎಲ್ಲಿ, ಓದು, ಕೇಳೋಣ.”

ಕೊನೆಯ ಮಾತು ನನಗೆ ಹೇಳಿದ್ದು, ಟಿಪ್ಪಣಿಗಲ್ಲ. ಬೆರಳಚ್ಚಿನ ಭರದಲ್ಲಿ ಅದನ್ನೂ ಸೇರಿಸಿಬಿಟ್ಟಿದ್ದೆನು. ಶಿಷ್ಯೆಗೆ ಕಳುಹಿಸುವಾಗ ಅಳಿಸಬೇಕೆಂದು ಎರಡು ಸಲ ಕೈಯೆತ್ತಿದೆನು. ಆಮೇಲೆ ಹಾಗೆಯೇ ಕಳುಹಿಸಿದೆನು.