ಸಹಿ ಬಿದ್ದ ಊರಿನ ಸಂಬಳ

ವಿದೇಶಿ ಕಂಪನಿಯ ಕೆಲಸವನ್ನು ಭಾರತದಲ್ಲಿ ಕೂತು ಮಾಡುವ ಎಂಜಿನಿಯರರ ಸಂಬಳವನ್ನು ಅವರ ಕೈಚಳಕಕ್ಕಿಂತ ಹೆಚ್ಚಾಗಿ ಒಪ್ಪಂದಕ್ಕೆ ಸಹಿ ಬಿದ್ದ ಊರು ತೀರ್ಮಾನಿಸುತ್ತದೆ. ಒಂದೇ ತಂಡ, ಒಂದೇ ಕೋಡ್, ಒಂದೇ ಗಡುವು. ಆದರೂ ಟೆಕ್ಸಸ್‌ನಲ್ಲಿ ಕೂತವರಿಗೆ ಒಂದು ದರ, ಗೋವಾದ ವೆರ್ಣಾ ಕೈಗಾರಿಕಾ ಪ್ರದೇಶದಲ್ಲಿ ಕೂತವರಿಗೆ ಅದರ ಸಣ್ಣ ಪಾಲು. ಹೊರಗುತ್ತಿಗೆ ಉದ್ಯಮ ನಿಂತಿರುವುದೇ ಈ ಅಂತರದ ಮೇಲೆ. ಹಾಗಾಗಿ ಅಂತರ ಏಕಿದೆ ಎಂಬುದಕ್ಕಿಂತ, ಅದರಲ್ಲಿ ಎಷ್ಟು ಪಾಲು ದುಡಿದವರಿಗೆ ಬರಬೇಕು ಎಂಬುದೇ ನ್ಯಾಯದ ಪ್ರಶ್ನೆ.

ಗೋವಾದಲ್ಲಿ ಎಂಜಿನಿಯರುಗಳಿಗೆ ಕೊರತೆಯಿಲ್ಲ. ಫರ್ಮಾಗುಡಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹಳೆಯದು. 2004ರಲ್ಲಿ ಝುವಾರಿನಗರಕ್ಕೆ ಬಿಟ್ಸ್ ಪಿಲಾನಿ ಬಂತು, 2010ರಲ್ಲಿ ಎನ್ಐಟಿ, 2016ರಲ್ಲಿ ಐಐಟಿ. ಕೊರತೆಯಿರುವುದು ಕೆಲಸಕ್ಕೆ. ಓದಿದವರು ಬೆಂಗಳೂರು, ಪುಣೆಯ ಬಸ್ ಹತ್ತುವುದು ವಾಡಿಕೆ. 2020ರ ಕೊರೊನಾ ನಂತರ ಎದುರು ದಿಕ್ಕಿನ ಹರಿವೂ ಶುರುವಾಯಿತು. ಬೆಂಗಳೂರಿನ ಬಾಡಿಗೆ, ಟ್ರಾಫಿಕ್ ಸಾಕೆನಿಸಿದವರು ಲ್ಯಾಪ್‌ಟಾಪ್ ಹಿಡಿದು ಅಸಗಾಂವ್, ಶಿವೋಲಿಗಳಲ್ಲಿ ಮನೆ ಮಾಡಿದರು. ಹೀಗಾಗಿ ಈಗ ಒಂದೇ ಓಣಿಯಲ್ಲಿ ಮೂರು ಬಗೆಯವರು ಸಿಗುತ್ತಾರೆ: ಭಾರತದ ಸೇವಾ ಕಂಪನಿಯ ನೌಕರ, ವಿದೇಶಿ ಕಂಪನಿಯ ಇಲ್ಲಿನ ಶಾಖೆಯ ನೌಕರ, ಯಾರ ನೌಕರನೂ ಅಲ್ಲದೆ ತಿಂಗಳಿಗೊಂದು ಇನ್‌ವಾಯ್ಸ್ ಕಳಿಸಿ ಡಾಲರ್ ಪಡೆಯುವ ಗುತ್ತಿಗೆದಾರ.

ಮೊದಲ ಬಗೆಯ ಲೆಕ್ಕ ಹೀಗೆ. ಸೇವಾ ಕಂಪನಿ ತನ್ನ ಎಂಜಿನಿಯರನ ಒಂದು ಗಂಟೆಗೆ 25 ಡಾಲರ್ ಬಿಲ್ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 160 ಗಂಟೆಗೆ 4,000 ಡಾಲರ್. ಡಾಲರಿಗೆ 85 ರೂಪಾಯಿಯಂತೆ 3.4 ಲಕ್ಷ. ದೊಡ್ಡ ಸೇವಾ ಕಂಪನಿಗಳು ಹೊಸಬರಿಗೆ ಕೊಡುವುದು ಹೆಚ್ಚುಕಡಿಮೆ ಇಷ್ಟೇ, ಆದರೆ ವರ್ಷಕ್ಕೆ. ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂತವರ ಸಂಬಳ, ತರಬೇತಿ, ಕಟ್ಟಡ, ಗಿರಾಕಿ ಹುಡುಕುವ ಖರ್ಚು, ಮೇಲಧಿಕಾರಿಗಳ ಸಾಲು ಎಲ್ಲವೂ ನಡುವಿನ ಹಣದಲ್ಲೇ ನಡೆಯಬೇಕು ಎಂಬುದು ನಿಜ. ಆದರೆ ಇನ್ನೊಂದು ಲೆಕ್ಕಕ್ಕೆ ಈ ಸಮಾಧಾನ ಒಪ್ಪುವುದಿಲ್ಲ. 2010ರಲ್ಲಿ ಡಾಲರಿಗೆ ಸುಮಾರು 45 ರೂಪಾಯಿ ಇತ್ತು, 2024ಕ್ಕೆ 83 ದಾಟಿತ್ತು. ಡಾಲರಿನ ಬಿಲ್ ದರ ಒಂದು ಸೆಂಟ್ ಏರದಿದ್ದರೂ ರೂಪಾಯಿಯ ವರಮಾನ ಎರಡು ಪಟ್ಟಿನ ಹತ್ತಿರ ಬಂದಿರುತ್ತದೆ. ಫ್ರೆಶರ್ ಸಂಬಳ ಮಾತ್ರ ಅಷ್ಟೂ ವರ್ಷ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಉಳಿಯಿತು. ಬೆಲೆಯೇರಿಕೆ ಕಳೆದರೆ ಅದು ಇಳಿದ ಸಂಬಳ. ರೂಪಾಯಿ ಕುಸಿದಾಗ ಸಿಗುವ ಲಾಭದಲ್ಲಿ ಕೆಳಗಿನ ಮೆಟ್ಟಿಲಿಗೆ ಪಾಲಿಲ್ಲ ಎಂದಾಯಿತು.

ಎರಡನೇ ಬಗೆಯವರಿಗೆ, ಅಂದರೆ ತಮ್ಮ ಇಲ್ಲಿನ ನೌಕರರಿಗೆ, ಕಡಿಮೆ ಕೊಡುವುದಕ್ಕೆ ವಿದೇಶಿ ಕಂಪನಿಗಳು ಹೇಳುವ ಕಾರಣ ಜೀವನ ವೆಚ್ಚ. ಗಿಟ್‌ಲ್ಯಾಬ್‌ನಂಥ ಸಂಸ್ಥೆ ನೌಕರ ವಾಸಿಸುವ ಪ್ರದೇಶಕ್ಕೊಂದು ಗುಣಕ ಇಟ್ಟು ಸಂಬಳ ಲೆಕ್ಕ ಹಾಕುವುದನ್ನು ಬಹಿರಂಗವಾಗಿಯೇ ಹೇಳಿಕೊಂಡಿದೆ. ಬೇಸ್‌ಕ್ಯಾಂಪ್ ಇದಕ್ಕೆ ತದ್ವಿರುದ್ಧ: ಎಲ್ಲೇ ಇರಲಿ, ಸ್ಯಾನ್ ಫ್ರಾನ್ಸಿಸ್ಕೊ ದರವೇ ಎಂದಿತು. ಜೀವನ ವೆಚ್ಚದ ವಾದದಲ್ಲಿ ಅರ್ಧ ಸತ್ಯವಿದೆ. ಅನ್ನ, ಹಾಲು, ಆಟೊ ಭಾರತದಲ್ಲಿ ಅಗ್ಗ. ಲ್ಯಾಪ್‌ಟಾಪ್, ವಿಮಾನದ ಟಿಕೆಟ್, ಮಕ್ಕಳನ್ನು ಹೊರದೇಶದಲ್ಲಿ ಓದಿಸುವ ಶುಲ್ಕ ಅಗ್ಗವಲ್ಲ. ಗೋವಾದಲ್ಲಂತೂ ದೆಹಲಿ, ಮುಂಬೈಯವರು ಎರಡನೇ ಮನೆ ಕೊಳ್ಳತೊಡಗಿದ ಮೇಲೆ ಕರಾವಳಿ ಹಳ್ಳಿಗಳ ಬಾಡಿಗೆ ಸ್ಥಳೀಯ ಸಂಬಳದ ಕೈಗೆ ನಿಲುಕದಷ್ಟು ಏರಿದೆ. 'ಭಾರತ' ಎಂದು ಒಂದೇ ಗುಣಕ ಹಾಕಿದರೆ ಮಾಪುಸಾ, ಮಂಡ್ಯ ಎರಡೂ ಒಂದೇ ತಕ್ಕಡಿಗೆ ಬೀಳುತ್ತವೆ.

ಈ ತರ್ಕ ಎಲ್ಲಿಗೆ ಹೋಗಿ ನಿಲ್ಲಬಹುದು ಎಂಬುದನ್ನು ಬೆಂಗಳೂರಿನ ನಂಟಿರುವ ಒಂದು ಪ್ರಕರಣ ತೋರಿಸಿತು. 2013ರಲ್ಲಿ ಎಲೆಕ್ಟ್ರಾನಿಕ್ಸ್ ಫಾರ್ ಇಮೇಜಿಂಗ್ ಎಂಬ ಅಮೆರಿಕದ ಕಂಪನಿ ತನ್ನ ಬೆಂಗಳೂರು ಕಚೇರಿಯ ಎಂಟು ಮಂದಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡು ಕಂಪ್ಯೂಟರ್ ಅಳವಡಿಸುವ ಕೆಲಸಕ್ಕೆ ಹಚ್ಚಿತು. ವಾರಕ್ಕೆ 122 ಗಂಟೆಯವರೆಗೂ ದುಡಿದ ಅವರಿಗೆ ಕೊಟ್ಟದ್ದು ಊರಿನ ರೂಪಾಯಿ ಸಂಬಳವನ್ನೇ. ಡಾಲರಿನಲ್ಲಿ ಗಂಟೆಗೆ 1.21. ಆ ರಾಜ್ಯದ ಕನಿಷ್ಠ ಕೂಲಿ ಆಗ 8 ಡಾಲರ್. 2014ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ 40,000 ಡಾಲರಿಗೂ ಮಿಕ್ಕಿ ಬಾಕಿ ಕೊಡಿಸಿತು. ದಂಡ ಮಾತ್ರ 3,500 ಡಾಲರ್! ಮನುಷ್ಯ ಗಡಿ ದಾಟಿದ್ದರಿಂದ ಅಲ್ಲಿನ ಕಾನೂನು ಅಷ್ಟಾದರೂ ಕಾಯಿತು. ಎಚ್-1ಬಿ ವೀಸಾಕ್ಕೂ ಆ ಪ್ರದೇಶದಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ದರಕ್ಕಿಂತ ಕಡಿಮೆ ಕೊಡಬಾರದೆಂಬ ನಿಯಮವಿದೆ. ಕೆಲಸ ಮಾತ್ರ ಗಡಿ ದಾಟಿ ಮನುಷ್ಯ ಇಲ್ಲೇ ಉಳಿದರೆ ಅಂಥ ಯಾವ ನಿಯಮವೂ ಅನ್ವಯಿಸುವುದಿಲ್ಲ.

ಸಹಿ ಬಿದ್ದ ಊರು ಸಂಬಳ ತೀರ್ಮಾನಿಸುವುದು ಗೋವಾಕ್ಕೆ ಹೊಸ ಕಥೆಯಲ್ಲ. ಅಲ್ಲಿನ ಸಾಲ್ಸೆಟ್, ಬಾರ್ದೇಸ್‌ಗಳಲ್ಲಿ 'ತಾರ್ವಟಿ', ಅಂದರೆ ಹಡಗಿನ ನೌಕರ, ಇಲ್ಲದ ಊರು ಸಿಗುವುದು ಕಷ್ಟ. ಬ್ರಿಟಿಷರ ಕಾಲದಲ್ಲಿ ಪಿ ಆ್ಯಂಡ್ ಒ, ಬ್ರಿಟಿಷ್ ಇಂಡಿಯಾ ಕಂಪನಿಗಳ ಹಡಗುಗಳಲ್ಲಿ ಅಡುಗೆಯವರು, ಬಡಿಸುವವರು ಹೆಚ್ಚಾಗಿ ಗೋವಾದವರೇ. ಮುಂಬೈಯ ಧೋಬಿ ತಲಾವ್‌ನಲ್ಲಿ ಆಯಾ ಹಳ್ಳಿಯವರು ನಡೆಸುತ್ತಿದ್ದ 'ಕುಡ್'ಗಳಲ್ಲಿ ತಂಗಿ, ಕರೆ ಬಂದಾಗ ಅಲ್ಲೇ ಸಹಿ ಹಾಕಿ ಹೊರಡುತ್ತಿದ್ದರು. ಸಹಿ ಮುಂಬೈಯಲ್ಲಿ ಬಿದ್ದ ಕಾರಣಕ್ಕೇ ಅದೇ ಹಡಗಿನ ಬ್ರಿಟಿಷ್ ನಾವಿಕನ ಮೂರರಲ್ಲೊಂದು ಪಾಲಿನಷ್ಟೂ ಸಂಬಳ ಇವರಿಗೆ ಸಿಗುತ್ತಿರಲಿಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಭಾರತೀಯ ನಾವಿಕರು ಬ್ರಿಟನ್ನಿನ ಬಂದರುಗಳಲ್ಲಿ ಕೆಲಸ ನಿಲ್ಲಿಸಿದರು. ಜೈಲಿಗೂ ಹೋದರು, ಕೊನೆಗೆ ಸಂಬಳವನ್ನೂ ಏರಿಸಿಕೊಂಡರು.

ಮುಂದೆ ಕಡಲ ಕೆಲಸದಲ್ಲಿ ಬೇರಾವ ಉದ್ಯೋಗದಲ್ಲೂ ಆಗದ್ದು ಆಯಿತು. 1946ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಡಂಬಡಿಕೆ ನುರಿತ ನಾವಿಕನಿಗೆ ತಿಂಗಳಿಗೆ 64 ಡಾಲರ್ ಕನಿಷ್ಠ ಎಂದು ಬರೆಯಿತು. ಅದು ಜಾರಿಗೆ ಬರಲೇ ಇಲ್ಲ, ಆದರೆ ಜಗತ್ತಿಗೆಲ್ಲ ಒಂದೇ ಅಂಕಿ ಎಂಬ ಪದ್ಧತಿ ಉಳಿಯಿತು. ಮಾಲೀಕರು, ಸಂಘಗಳು ಕೂತು ಆಗಾಗ ಪರಿಷ್ಕರಿಸುವ ಆ ಮೂಲವೇತನ 2025ರ ಜನವರಿಯಲ್ಲಿ 673 ಡಾಲರ್ ಆಯಿತು. ಹೇಳುವುದಕ್ಕೆ ಅದು ಶಿಫಾರಸು. ಸಂಘಗಳಿಗೆ ಮಾತ್ರ ಚೌಕಾಸಿಯ ನೆಲ. 2013ರಲ್ಲಿ ಜಾರಿಗೆ ಬಂದ ಸಾಗರ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಒಪ್ಪಿತು. ಅದರಂತೆ ನಾವಿಕರನ್ನು ಕಳಿಸುವ ಏಜೆಂಟರು ಪರವಾನಗಿ ಪಡೆದಿರಬೇಕು, ಕೆಲಸ ಕೊಡಿಸಿದ್ದಕ್ಕೆ ನಾವಿಕರಿಂದ ಹಣ ವಸೂಲಿ ಮಾಡುವಂತಿಲ್ಲ. ಕನಿಷ್ಠ ವೇತನದ ಈ ನೆಲದ ಮೇಲೆ ಪಾಸ್‌ಪೋರ್ಟ್ ನೋಡಿ ಸಂಬಳ ಕೊಡುವ ರೂಢಿ ಇನ್ನೂ ಇದೆ. ಆದರೂ ನೆಲವೊಂದಿದೆ.

ಹಡಗಿಗೆ ದಕ್ಕಿದ್ದು ಕೋಡಿಗೆ ಏಕೆ ದಕ್ಕಲಿಲ್ಲ? ಹಡಗು ಎಂದಾದರೂ ಬಂದರಿಗೆ ಬರಲೇಬೇಕು. ಸಂಬಳ ಬಾಕಿಯಿದ್ದರೆ ಅಲ್ಲಿನ ಅಧಿಕಾರಿ ತಡೆದು ನಿಲ್ಲಿಸಬಹುದು, ಹಮಾಲರು ಸರಕು ಮುಟ್ಟದಿರಬಹುದು. ಕೋಡಿಗೆ ಬಂದರಿಲ್ಲ. ಒಂದು ತಂಡ ನಿರಾಕರಿಸಿದ ಕೆಲಸ ಅದೇ ರಾತ್ರಿ ಇನ್ನೊಂದು ದೇಶದ ತಂಡಕ್ಕೆ ಹೋಗುತ್ತದೆ. ಜೊತೆಗೆ, ತಾನು ಕಾರ್ಮಿಕ ಎಂದುಕೊಳ್ಳಲು ಎಂಜಿನಿಯರಿಗೇ ಸಂಕೋಚ. ಸಂಘ ಕಟ್ಟುವುದಕ್ಕಿಂತ ಕಂಪನಿ ಬದಲಿಸಿ ಹೈಕ್ ಪಡೆಯುವುದು ಸಲೀಸು, ಮಾರುಕಟ್ಟೆ ಚೆನ್ನಾಗಿರುವವರೆಗೆ.

ಗುತ್ತಿಗೆದಾರರ ಸ್ಥಿತಿ ಇನ್ನೂ ಬೇರೆ. 4,000 ಡಾಲರ್ ಸೀದಾ ಅವರ ಖಾತೆಗೇ ಬಂದಾಗ ಸಂಬಳ ಜಿಗಿದಂತೆ ಕಾಣುತ್ತದೆ. ಅದರಿಂದ ಹಣ ರವಾನೆಯ ಶುಲ್ಕ, ವಿನಿಮಯ ದರದಲ್ಲಿ ಬ್ಯಾಂಕ್ ಹಿಡಿದುಕೊಳ್ಳುವ ಪಾಲು ಕಳೆಯಬೇಕು. ಪಿಎಫ್, ಗ್ರಾಚ್ಯುಟಿ, ಸಂಬಳಸಹಿತ ರಜೆ ಇಲ್ಲ. ಆರೋಗ್ಯ ವಿಮೆ ಸ್ವಂತದ್ದು. ವರ್ಷದ ಗಳಿಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವಾ ರಫ್ತಿಗೆ ತೆರಿಗೆ ಶೂನ್ಯವಾದರೂ ಮುಚ್ಚಳಿಕೆ ಸಲ್ಲಿಸಬೇಕು. ಆದಾಯ ತೆರಿಗೆಯಲ್ಲಿ ಒಂದು ಅನುಕೂಲವಿದೆ: ಬಹುತೇಕ ಹಣ ಬ್ಯಾಂಕ್ ಮೂಲಕವೇ ಬಂದಿದ್ದರೆ 75 ಲಕ್ಷದವರೆಗಿನ ಗಳಿಕೆಯ ಅರ್ಧವನ್ನಷ್ಟೇ ಲಾಭವೆಂದು ತೋರಿಸಬಹುದು. ಕರಾರು ಮುರಿದುಬಿದ್ದರೆ ವ್ಯಾಜ್ಯ ಅಮೆರಿಕದ ಯಾವುದೋ ರಾಜ್ಯದ ಕೋರ್ಟಿನಲ್ಲೇ ಎಂಬ ಷರತ್ತು ಅನೇಕ ಒಪ್ಪಂದಗಳಲ್ಲಿರುತ್ತದೆ. ಎರಡು ತಿಂಗಳ ಬಾಕಿಗಾಗಿ ಅಲ್ಲಿಯವರೆಗೆ ಹೋಗುವವರು ಯಾರೂ ಇಲ್ಲ.

ಸಂಘಟನೆಯ ಪ್ರಯತ್ನ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬೆಂಗಳೂರಿನಲ್ಲಿ 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ-ಐಟಿಇಎಸ್ ನೌಕರರ ಸಂಘ, 2024ರಲ್ಲಿ ಕೆಲಸದ ದಿನವನ್ನು ಹದಿನಾಲ್ಕು ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಬಂದಾಗ ಬೀದಿಗಿಳಿಯಿತು. ವೇತನದ ನೆಲದ ಮಾತು ಮಾತ್ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಇರುವ ಜಿನೀವಾದಲ್ಲೇ ಆಗಬೇಕು. ಆ್ಯಪ್, ಆನ್‌ಲೈನ್ ವೇದಿಕೆಗಳ ಮೂಲಕ ದುಡಿಯುವವರಿಗಾಗಿ ಒಡಂಬಡಿಕೆಯೊಂದನ್ನು ರೂಪಿಸುವ ಮೊದಲ ಸುತ್ತಿನ ಚರ್ಚೆ 2025ರ ಜೂನ್‌ನಲ್ಲಿ ಅಲ್ಲಿ ನಡೆಯಿತು. ಮನೆಯಲ್ಲೇ ಕೂತು ಪರದೇಶದ ಗಿರಾಕಿಗೆ ಆನ್‌ಲೈನ್ ವೇದಿಕೆಯ ಮೂಲಕ ದುಡಿಯುವವರೂ ಆ ಚರ್ಚೆಯ ವ್ಯಾಪ್ತಿಗೆ ಬರುತ್ತಾರೆ. ಸೇವಾ ಕಂಪನಿಗಳ ಖಾಯಂ ನೌಕರರು ಬರುವುದಿಲ್ಲ.